ಒದ್ದೆ ಉಪ್ಪಿನ ಲೆಕ್ಕ

ಮೊನ್ನೆ ಹಳಿಯಾಳದ ಪೇಟೆಯಲ್ಲಿ ಹರಳುಪ್ಪಿನ ಚೀಲಕ್ಕೆ ಕೈ ಹಾಕಿದೆ. ಒದ್ದೆ ಗೋಣಿಯ ಮುಗ್ಗು ವಾಸನೆ ಮೂಗಿಗೆ ಬಡಿಯಿತು. ಮುಷ್ಟಿ ಹಿಂಡಿ, ಬೆರಳ ಸಂದಿಯಿಂದ ಇಳಿದ ನೀರನ್ನು ವ್ಯಾಪಾರಿಗೆ ತೋರಿಸಿ ದರ ಇಳಿಸಿದೆ. ಯಾವ ಮಾಲೇ ಇರಲಿ, ಕೈಯಲ್ಲಿ ಹಿಡಿಯದೆ ತಕ್ಕಡಿಯನ್ನು ನಂಬಬೇಡಿ. ಈ ಬುದ್ಧಿ ನನಗೆ ಬಂದದ್ದು ಒಬ್ಬ ದಡ್ಡನಿಂದ... ನಮ್ಮೂರು ಸಾಂಬ್ರಾಣಿಯಲ್ಲಿ ಪಕ್ಕದ ಮನೆಗೆ ಬಾಡಿಗೆ ಬಂದಿದ್ದ ವಿಜ್ಞಾನದ ಮಾಸ್ತರರಿಂದ.

ಎಂಬತ್ತರ ದಶಕದ ಮಾತು. ದ್ರಾವಣದ ಸಾಂದ್ರತೆಯ ಪಾಠವನ್ನು ಅವರು ಹೇಳುತ್ತಿದ್ದದ್ದು ಕರಿಹಲಗೆಗೆ, ನಮಗಲ್ಲ. ಇಷ್ಟು ನೀರಿಗೆ ಇಷ್ಟು ಉಪ್ಪು ಎಂದು ಬರೆಯುತ್ತಿದ್ದ ಆ ಬೆರಳುಗಳು ಉಪ್ಪು ಮುಟ್ಟಿದ್ದು ಊಟಕ್ಕೆ ಕೂತಾಗ ಮಾತ್ರ.

ಬಿತ್ತನೆಗೆ ಮುಂಚೆ ಅವ್ವ ಬಕೆಟ್ ನೀರಿಗೆ ಉಪ್ಪು ಹಾಕಿ, ಹೊಸ ಕೋಳಿ ತತ್ತಿಯೊಂದು ತೇಲಿ ಎಂಟಾಣೆ ನಾಣ್ಯದಷ್ಟು ನೆತ್ತಿ ತೋರಿಸುವವರೆಗೆ ಕದಡುತ್ತಿದ್ದಳು. ಅದರಲ್ಲಿ ಬೀಜದ ಭತ್ತ ಸುರಿದರೆ ಜೊಳ್ಳು ಮೇಲಕ್ಕೆ, ಗಟ್ಟಿ ಕಾಳು ತಳಕ್ಕೆ. ಒಂದು ವರ್ಷ ನಮ್ಮಲ್ಲಿ ಇದ್ದದ್ದು ಒಂದೇ ಚೀಲ ಬೀಜ. ಜೊಳ್ಳು ಹೊಲ ಸೇರಿದರೆ ಪೈರು ಅರ್ಧಕ್ಕರ್ಧ.

ಅವ್ವ ಬಕೆಟ್ ಇಟ್ಟುಕೊಂಡು ಕೂತದ್ದು ಕಂಡು ಮಾಸ್ತರು ಬೇಲಿಯಾಚೆಯಿಂದ ನಕ್ಕರು. “ಕೋಳಿ ತತ್ತಿ ಏನ್ ಹೇಳತೈತ್ರಿ ಅವ್ವಾರ? ಅತ್ತ ಸರೀರಿ, ನಾ ಲೆಕ್ಕಾ ಹಾಕಿ ಕೊಡ್ತೇನಿ.”

ಮಳೆಗಾಳಿಗೆ ಜಿನುಗುತ್ತಿದ್ದ ನಮ್ಮ ಉಪ್ಪನ್ನು ಹಾಗೇ ತೂಗಿಸಿ ನೀರಿಗೆ ಸುರಿಸಿದರು. ಎರಡು ಬೊಗಸೆ ಭತ್ತ ಹಾಕಿದೆವು. ತೇಲಿದ್ದು ನಾಲ್ಕೇ ಕಾಳು.

“ನೋಡ್ರಿ! ನಿಮ್ಮ ಬೀಜ ಎಲ್ಲಾ ಗಟ್ಟಿ ಐತಿ!”

ಅವ್ವ ಅದೇ ನೀರಿಗೆ ತತ್ತಿ ಬಿಟ್ಟಳು. ಅದು ನೆಟ್ಟಗೆ ತಳ ಸೇರಿತು.

“ಪಾಪ, ತತ್ತಿ ನಿಮ್ಮ ಸಾಲಿ ಕಲ್ತಿಲ್ರಿ ಮಾಸ್ತರ,” ಎನ್ನುತ್ತ ಇನ್ನೂ ನಾಲ್ಕು ಹಿಡಿ ಉಪ್ಪು ಹಾಕಿ ಕದಡಿದಳು. ತತ್ತಿ ಎದ್ದಿತು. ಅದರ ಸುತ್ತ ಜೊಳ್ಳು ಕೆನೆಯಂತೆ ಕಟ್ಟಿತು.

“ಲೆಕ್ಕಾ ತಪ್ಪಿಲ್ರಿ. ನಿಮ್ಮ ಉಪ್ಪ ಸುಮಾರದ್ದು,” ಎಂದು ಗೊಣಗಿ ಮಾಸ್ತರು ಒಳಗೆ ಹೋದರು. ತೂಕದಲ್ಲಿ ನೀರೂ ಸೇರಿದ್ದ ಆ ಉಪ್ಪನ್ನು ಒಮ್ಮೆಯಾದರೂ ಮುಟ್ಟಿ ನೋಡಬೇಡವೇ? ಮರುದಿನ ಶಾಲೆಯಲ್ಲಿ ಅದೇ ಹಲಗೆ, ಅದೇ ಪಾಠ... ಬಕೆಟಿನ ಸುದ್ದಿಯೇ ಇಲ್ಲ. ನಾನು ಎದ್ದು ಕೇಳಿದ್ದಕ್ಕೆ ಹೊರಗೆ ನಿಲ್ಲಿಸಿದರು.

ಮೊನ್ನೆ ಚೀಲ ಕಟ್ಟುತ್ತ ಆ ಉಪ್ಪಿನ ವ್ಯಾಪಾರಿಯೇ ಹೇಳಿದ, “ನಿಮ್ಮ ಸಾಂಬ್ರಾಣಿ ಮಾಸ್ತರು ತೀರಿ ಹೋದ್ರಂತ್ರೀ.” ದುಡ್ಡು ಎಣಿಸಿ ಕೊಟ್ಟೆ. ಮನೆಗೆ ಬಂದು ಉಪ್ಪನ್ನು ಹಂಚಿನ ಮೇಲೆ ಹುರಿದು ಒಣಗಿಸಿದೆ. ಇನ್ನೂ ಬಾಯಿಪಾಠವಿದ್ದ ಅವರ ಲೆಕ್ಕದಷ್ಟೇ ತೂಗಿ ಬಕೆಟಿಗೆ ಹಾಕಿ, ತತ್ತಿ ಬಿಟ್ಟೆ. ತೇಲಿತು. ಸರಿಯಾಗಿ ಎಂಟಾಣೆಯಷ್ಟು.

ಲೆಕ್ಕ ಸರಿಯಾಗಿಯೇ ಇತ್ತು. ಆ ಮನುಷ್ಯ ಒಂದು ಸಲ ಕೈ ಒದ್ದೆ ಮಾಡಿಕೊಂಡಿದ್ದರೆ ಸಾಕಿತ್ತು. ಇದನ್ನು ಹೇಳಿ ನಗೋಣವೆಂದರೆ ಅವ್ವ ಇಲ್ಲ. ಹೇಳಿ ಚುಚ್ಚೋಣವೆಂದರೆ ಮಾಸ್ತರೂ ಇಲ್ಲ...