ಮಾಮ ಕೂಗದೆ ಉಳಿಸಿಕೊಂಡಿದ್ದ ಒಂದನೇ ಮೈದಾನ

ಬದುಕಿರುವ ಮನುಷ್ಯರೊಬ್ಬರ ದನಿಯನ್ನು ಕದ್ದು, ಅವರು ಹೇಳದೆ ಇಟ್ಟುಕೊಂಡಿದ್ದ ಮಾತನ್ನು ಆ ದನಿಯಲ್ಲಿ ಹೇಳಿಬಿಟ್ಟವನು ನಾನು. ಅದೂ ತಪ್ಪಾಗಿ. ಬೇರೆಯವರು ಹೇಳುವ ಮುಂಚೆ ನಾನೇ ಒಪ್ಪಿಕೊಳ್ಳುವುದು ಮೇಲು. ಅವರು ಹೇಳಿದರೆ ನನ್ನನ್ನು ಅಣಕಿಸಿ ಹೇಳುತ್ತಾರೆ, ಆ ಕೆಲಸ ನನ್ನಷ್ಟು ಚೆನ್ನಾಗಿ ಅವರಿಗೆ ಬರುವುದಿಲ್ಲ.

ಅಣಕಿಸುವುದು ನನ್ನ ಹುಟ್ಟುಚಟ. ಮೈಲಾಪೂರಿನ ನಮ್ಮ ಹಳೇ ಫ್ಲಾಟಿನ ವಾಚ್‌ಮನ್ ಸೀಟಿ, ಮೂರನೇ ಮಹಡಿಯವರ ಸೀನು, ನೀರಿನ ಲಾರಿ ಹಿಂದಕ್ಕೆ ಬರುವಾಗಿನ ಪೀಪೀ ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗಿವೆ. ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಮ್ಯಾನೇಜರು ಮೀಟಿಂಗಿಗೆ ಬರುವ ಮೊದಲೇ ಅವರಾಗಿ ನಾನು ಬಂದು ಹೋಗಿರುತ್ತೇನೆ. ನನ್ನನ್ನೂ ಬಿಟ್ಟಿಲ್ಲ. ಅದೇ ಮ್ಯಾನೇಜರ ಮುಂದೆ ಇಂಗ್ಲಿಷ್ ತಡವರಿಸಿ ಕೊನೆಗೆ ‘ಥ್ಯಾಂಕ್ಯೂ ಸಾರ್’ ಎಂದು ತಪ್ಪಿಸಿಕೊಳ್ಳುವ ನನ್ನನ್ನು ಮಾಡಿ ತೋರಿಸಿದರೆ ಅಮ್ಮ ಕಣ್ಣೊರೆಸಿಕೊಂಡು ನಗುತ್ತಾಳೆ.

ಈ ಬಾಡಿಗೆದಾರರಲ್ಲೆಲ್ಲ ದೊಡ್ಡವರು ಕೆಳಗಿನ ಮನೆಯ ಮಾಮ. ಸಂಬಂಧವೇನೂ ಇಲ್ಲ, ಕನ್ನಡದವರು, ಹಿರಿಯರು, ಆದ್ದರಿಂದ ಮಾಮ. ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರು. ಕೆಲಸದಲ್ಲಿದ್ದಾಗಲೂ ರಜಾದಿನಗಳನ್ನೆಲ್ಲ ಊರಿನ ಗಾಲ್ಫ್ ಪಂದ್ಯಗಳಿಗೆ ಕೊಟ್ಟವರು. ಆಡಿದ್ದು ಕಡಿಮೆ, ಸ್ಟಾರ್ಟರ್ ಆಗಿದ್ದದ್ದು ಹೆಚ್ಚು. ಆಟಗಾರ ಮೊದಲ ಹೊಡೆತಕ್ಕೆ ಬಂದು ನಿಂತಾಗ ಅವನ ಹೆಸರನ್ನೂ ಊರನ್ನೂ ಕೂಗುವುದು ಸ್ಟಾರ್ಟರನ ಕೆಲಸ. ಮಾಮ ಮೊದಲು ಎರಡು ಸಣ್ಣ ಕೆಮ್ಮು ಕೆಮ್ಮುತ್ತಿದ್ದರು. ಆಮೇಲೆ ಒಂದು ಮೌನ. ಆಮೇಲೆ ಹೆಸರು. ಆ ಮೌನದಲ್ಲಿ ಕಾಗೆ ಕೂಡ ಬಾಯಿ ಬಿಡುತ್ತಿರಲಿಲ್ಲ ಎಂದು ಮಾಮಿ ಹೇಳುತ್ತಿದ್ದರು.

ನಾವಿಬ್ಬರೂ ಸೇರಿ ಕನ್ನಡದಲ್ಲಿ ಒಂದು ಗಾಲ್ಫ್ ಯೂಟ್ಯೂಬ್ ಚಾನೆಲ್ ನಡೆಸುತ್ತಿದ್ದೆವು. ನೋಡುವವರು ಮಾಮನ ಹಳೇ ಗೆಳೆಯರು, ಅವರ ಮಕ್ಕಳು, ಮತ್ತು ಅಡುಗೆ ವೀಡಿಯೊ ಹುಡುಕುತ್ತ ದಾರಿ ತಪ್ಪಿ ಬಂದವರು. ಆ ವರ್ಷ ಮಾಮನಿಗೆ ಒಂದು ಪಟ್ಟಿ ಮಾಡುವ ಹುಕಿ ಬಂತು. ಗಾಲ್ಫಿನಲ್ಲಿ ಮೇಜರ್ ಎನ್ನುವ ದೊಡ್ಡ ಪಂದ್ಯಗಳು ವರ್ಷಕ್ಕೆ ನಾಲ್ಕೇ. ಅವನ್ನು ನಡೆಸುವುದಕ್ಕೆ ಲೋಕದಲ್ಲಿ ಅತಿ ಯೋಗ್ಯವಾದ ಹತ್ತು ಮೈದಾನಗಳು ಯಾವುವು? ಹತ್ತರಿಂದ ಶುರುಮಾಡಿ ಒಂದಕ್ಕೆ ಬರುವುದು, ವಾರಕ್ಕೊಂದು.

“ಎಷ್ಟು ಮೈದಾನ ಕಣ್ಣಾರೆ ನೋಡಿದೀರಿ ಮಾಮ?”

“ಎರಡು. ಫಾರಿನ್ನಲ್ಲಿರೋ ಮಗಳ ಪುಣ್ಯ. ಮಿಕ್ಕಿದ್ದು ಟೀವೀಲಿ.”

“ತಿನ್ನದೇ ಇರೋ ಹೋಟ್ಲು ಸಾಂಬಾರ್‌ಗೆ ಮಾರ್ಕ್ಸ್ ಹಾಕ್ತೀರಾ ಹಾಗಾದ್ರೆ?”

“ವಾಸನೇಲಿ ಗೊತ್ತಾಗತ್ತೆ ಕಣೋ, ಪೆದ್ದಾ.”

ಉದ್ದ ಎಷ್ಟು, ಗಾಳಿ ಯಾವ ಕಡೆಯಿಂದ, ಮಳೆ ನೀರು ಇಂಗುತ್ತದೆಯೋ ನಿಲ್ಲುತ್ತದೆಯೋ, ಜನ ನಿಲ್ಲುವುದೆಲ್ಲಿ, ಎಲ್ಲವನ್ನೂ ಅವರು ನೋಡುತ್ತಿದ್ದರು. ಮರುಭೂಮಿಯ ಮೈದಾನವೊಂದಕ್ಕೆ ಒಂಬತ್ತನೇ ಸ್ಥಾನ ಕೊಟ್ಟು, “ಇಲ್ಲಿ ಬಸ್ಸು ನಿಲ್ಸಕ್ಕೆ ಜಾಗ ಇದೆ, ಹೆದರ್ಕೊಳಕ್ಕೆ ಜಾಗ ಇಲ್ಲ” ಅಂದರು. ಆದರೆ ನಿಜವಾದ ಅಳತೆ ಬೇರೆ ಇತ್ತು. ಒಮ್ಮೆ ಕ್ಯಾಮೆರಾ ಆರಿಸಿದ ಮೇಲೆ ನನಗೆ ಹೇಳಿದರು.

“ಮೊದಲನೇ ಹೊಡೆತದ ಜಾಗದಲ್ಲಿ ನಿಂತ್ಕೊಂಡು ಒಂದು ಹೆಸರು ಕೂಗು. ಕೆಲವು ಮೈದಾನ ಹೆಸರನ್ನ ವಾಪಸ್ ಕೊಡತ್ತೆ. ಕೆಲವು ಇಟ್ಕೊಂಡ್ಬಿಡತ್ತೆ. ಮೇಜರ್ ನಡೀಬೇಕಾದ್ದು ಇಟ್ಕೊಳ್ಳೋ ಕಡೆ.”

ನಾನು ನಕ್ಕೆ. ಅವರು ನಗಲಿಲ್ಲ. ಒಂದನೇ ಮೈದಾನ ಯಾವುದೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. “ಅದರ ಹೆಸರು ನಾನೇ ಕೂಗ್ತೀನಿ. ಅಲ್ಲೀವರ್ಗೂ ನಿಂಗೂ ಇಲ್ಲ, ನಿಮ್ಮ ಮಾಮಿಗೂ ಇಲ್ಲ.”

ಎರಡನೇ ಸ್ಥಾನದ ವೀಡಿಯೊ ಆದ ವಾರವೇ ಮಾಮನ ಗಂಟಲಿನ ಪರೀಕ್ಷೆಯ ಫಲ ಬಂತು, ಕ್ಯಾನ್ಸರ್. ಪೋರೂರಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಜೀವ ಉಳಿಯಿತು. ಕತ್ತಿನ ಬುಡದಲ್ಲಿ ಉಸಿರಾಡಲು ಒಂದು ತೂತು, ಅದರ ಮೇಲೆ ತೆಳುಬಟ್ಟೆ, ಕೈಯಲ್ಲಿ ಬರೆದು ಅಳಿಸುವ ಮಕ್ಕಳ ಸ್ಲೇಟು.

ನೋಡಲು ಹೋದ ದಿನ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದೆ. ನನಗೆ ಅರಿವಿಲ್ಲದೆ ಎರಡು ಸಣ್ಣ ಕೆಮ್ಮು ನನ್ನಿಂದ ಹೊರಬಿತ್ತು. ಮಾಮನ ಕೆಮ್ಮು. ಔಷಧಿ ಎಣಿಸುತ್ತಿದ್ದ ನರ್ಸೂ ಕಿಟಕಿಯ ಬಳಿ ನಿಂತಿದ್ದ ಮಾಮಿಯೂ ಒಟ್ಟಿಗೆ ಮಾಮನ ಬಾಯಿಯ ಕಡೆ ತಿರುಗಿದರು. ಮಾಮ ಮಾತ್ರ ನನ್ನ ಕಡೆ ನೋಡಿದರು.

ಅವರು ಮನೆಗೆ ಬಂದ ಕೆಲವು ವಾರಗಳ ಮೇಲೆ ಆ ಸದ್ದು ಶುರುವಾಯಿತು. ನಮ್ಮ ಕಟ್ಟಡದಲ್ಲಿ ಎಲ್ಲ ಮನೆಗಳ ಬಚ್ಚಲುಮನೆಯ ಕಿಂಡಿಗಳೂ ನನ್ನ ಕೋಣೆಯ ಕಿಟಕಿಯೂ ಒಂದೇ ಬಾವಿಯಂಥ ಸಂದಿಗೆ ತೆರೆದುಕೊಳ್ಳುತ್ತವೆ. ಮಧ್ಯಾಹ್ನ ಮೂರು ಗಂಟೆಗೆ, ಬಿಸಿಲು ಆ ಸಂದಿಯ ಗೋಡೆಯ ಮೇಲೆ ಅಲ್ಲಾಡದೆ ನಿಂತಿರುವಾಗ, ಒಳಗಿಂದ ಝೇಂಕಾರ ಏಳುತ್ತಿತ್ತು. ಬಾಟಲಿಯಲ್ಲಿ ಸಿಕ್ಕಿಕೊಂಡ ದುಂಬಿಯ ಹಾಗೆ. ಗಿಡ್ಡ, ಉದ್ದ, ಗಿಡ್ಡ. ನಿಲ್ಲುತ್ತಿತ್ತು. ಮತ್ತೆ ಅದೇ ಅಳತೆ, ಗಿಡ್ಡ, ಉದ್ದ, ಗಿಡ್ಡ. ವಾಚ್‌ಮನ್ನನ್ನು ಕೇಳಿದೆ. “ಮೋಟಾರ್ ಸಾರ್” ಅಂದ. ಎಲ್ಲ ಪ್ರಶ್ನೆಗೂ ಅವನದು ಅದೇ ಉತ್ತರ. ಸರಿ, ನಾನು ಅದನ್ನೂ ಕಲಿತೆ, ಊಟದ ಹೊತ್ತಿನಲ್ಲಿ ಅಮ್ಮನಿಗೆ ಮಾಡಿ ತೋರಿಸಿದೆ. ಅಮ್ಮ ನಗಲಿಲ್ಲ.

“ಬೇಡ ಡಾ ಕಣ್ಣಾ. ಯಾರನ್ನೋ ಕರೆಯೋ ಹಾಗಿದೆ ಅದು.”

ಚಾನೆಲಿನಲ್ಲಿ ಒಂದೇ ಪ್ರಶ್ನೆ ಬರುತ್ತಿತ್ತು, ಒಂದನೆಯದು ಯಾವುದು. ಆಪರೇಷನ್ನಿನ ವಿಷಯ ಅಲ್ಲಿ ಯಾರಿಗೂ ಹೇಳಿರಲಿಲ್ಲ. ಮಾಮನ ಪಟ್ಟಿ ತಲೆಯಿಲ್ಲದೆ ನಿಂತಿತ್ತು, ನನ್ನ ಬಳಿ ಅವರ ದನಿಯಿತ್ತು. ಇದು ಅವರಿಗೆ ನಾನು ಕೊಡುವ ಉಡುಗೊರೆ ಎಂದುಕೊಂಡೆ. ಪೆದ್ದರಿಗೆ ಇಂಥ ಯೋಚನೆಗಳು ಉಡುಗೊರೆಯ ಕಾಗದದಲ್ಲೇ ಸುತ್ತಿಕೊಂಡು ಬರುತ್ತವೆ.

ಮನೆಯಿಂದಲೇ ಕೆಲಸ ಮಾಡುವ ದಿನ, ಮಧ್ಯಾಹ್ನ, ನನ್ನ ಕೋಣೆಯ ಬಟ್ಟೆಯ ಬೀರುವಿನ ಬಾಗಿಲು ತೆಗೆದು, ದನಿ ಗುಂಯ್‌ಗುಟ್ಟದಿರಲೆಂದು ಅಮ್ಮನ ಸೀರೆಗಳ ನಡುವೆ ಮೈಕು ಇಟ್ಟೆ. ಒಂದನೇ ಸ್ಥಾನಕ್ಕೆ ಸ್ಕಾಟ್ಲೆಂಡಿನ ಕಡಲ ದಂಡೆಯ ಒಂದು ಹಳೇ ಮೈದಾನವನ್ನು ಆರಿಸಿಕೊಂಡಿದ್ದೆ. ಯಾರ ಪಟ್ಟಿಯಲ್ಲಾದರೂ ಒಪ್ಪುವ ಉತ್ತರ. ಗಾಳಿ, ಮರಳು, ಊರಿನ ಮಧ್ಯಕ್ಕೇ ಬಂದು ಮುಗಿಯುವ ಕೊನೆಯ ಹಾದಿ ಎಂದೆಲ್ಲ ಮಾಮನ ದನಿಯಲ್ಲಿ ಹೇಳುತ್ತ ಹೋದೆ. ದನಿ ಅಷ್ಟು ಸಲೀಸಾಗಿ ಯಾವತ್ತೂ ಬಂದಿರಲಿಲ್ಲ. ಸಾಮಾನ್ಯವಾಗಿ ನಾನು ದನಿಯನ್ನು ಎಳೆದು ತರಬೇಕು. ಅವತ್ತು ಅದು ಬಾಗಿಲಲ್ಲಿ ಕಾದಿದ್ದು ಒಳಗೆ ಬಂದ ಹಾಗೆ ಬಂತು.

ಎರಡು ಕೆಮ್ಮು ಕೆಮ್ಮಿದೆ. ಮೌನಕ್ಕೆ ಎರಡು ಸೆಕೆಂಡು ಅಂದುಕೊಂಡಿದ್ದೆ. ಆದರೆ ಬಾಯಿ ತೆರೆಯಲಿಲ್ಲ. ಹೆದರಿಕೆ ಅಂತಲ್ಲ, ಯಾರೋ ಇನ್ನೂ ಮಾತು ಮುಗಿಸಿಲ್ಲ, ಮಧ್ಯೆ ಬಾಯಿ ಹಾಕಬಾರದು ಅನ್ನುವಂಥ ಭಾವ. ರೆಕಾರ್ಡರಿನ ಅಂಕೆಗಳು ಓಡುತ್ತಲೇ ಇದ್ದವು. ಕೊನೆಗೆ ಬಲವಂತದಿಂದ ಹೆಸರು ಕೂಗಿ, ಇನ್ನೊಂದಿಷ್ಟು ಹೊಗಳಿಕೆ ಸೇರಿಸಿ ಮುಗಿಸಿದೆ.

ಹಿಂದೆ ತಿರುಗಿದರೆ ಅಮ್ಮ ಎರಡು ಲೋಟ ಕಾಫಿ ಹಿಡಿದು ನಿಂತಿದ್ದಳು.

“ಮಾಮ ಎಲ್ಲಿ?”

“ಮಾಮ ಬಂದಿಲ್ಲಮ್ಮ. ನಾನೇ.”

ಅಮ್ಮ ನನ್ನನ್ನೂ ಸೀರೆಗಳನ್ನೂ ನೋಡಿದಳು. ಒಂದು ಲೋಟ ಮೇಜಿನ ಮೇಲಿಟ್ಟು ಇನ್ನೊಂದನ್ನು ಹಿಡಿದುಕೊಂಡು, ನನಗೆ ಬೆನ್ನು ಕೊಡದೆ, ಹಿಂದುಹಿಂದಕ್ಕೆ ಹೆಜ್ಜೆಯಿಡುತ್ತಲೇ ಹೊರಗೆ ಹೋದಳು.

ಸಂಜೆ ವೀಡಿಯೊ ಹಾಕಿದೆ. ಮಾಮನ ಹಳೇ ಚಿತ್ರ, ಮೇಲೆ ದನಿ. ‘ದನಿ ಇನ್ನೂ ಗಟ್ಟಿಯಾಗಿದೆ’ ಎಂದು ಜನ ಬರೆದರು. ನಾನು ಉಬ್ಬಿಹೋಗಿ ಮಲಗಿದೆ.

ಮರುದಿನ ಬೆಳಿಗ್ಗೆ ಮಾಮಿ ಮೇಲೆ ಬಂದರು. ಅವರು ವೀಡಿಯೊ ನೋಡಿರಲಿಲ್ಲ. ಕೂರಿ ಅಂದರೂ ಕೂರಲಿಲ್ಲ.

“ನಿನ್ನೆ ಮೂರು ಗಂಟೇಗೆ ನಿಂಗೇನಾದ್ರೂ ಕೇಳಿಸ್ತೇನೋ?”

“ಇಲ್ಲ ಮಾಮಿ.”

“ನಾನು ಅಡಿಗೆಮನೇಲಿ ಅಪ್ಪಳ ಎತ್ತಿಡ್ತಿದ್ದೆ. ಇವರ ದನಿ ಕೇಳಿಸ್ತು. ಮುಂಚಿನ ಥರಾನೇ, ಕ್ಲೀನಾಗಿ. ಪೆರುಮಾಳೇ, ಮಾತು ಬಂತು ಅಂತ ಓಡಿದೆ. ಬಚ್ಚಲುಮನೆ ಚಿಲಕ ಹಾಕಬಾರ್ದು ಅಂತ ಡಾಕ್ಟರು ಹೇಳಿದಾರೆ, ತಳ್ಳಿದೆ. ಸ್ಟೂಲ್ ಮೇಲೆ ಕೂತಿದಾರೆ. ಗಂಟಲಿಗೆ ಆ ಮೆಷಿನ್ ಒತ್ತಿ ಹಿಡ್ಕೊಂಡಿದಾರೆ. ಬಾಯಿ ಮುಚ್ಚಿದೆ. ಕಣ್ಣು ಮೇಲೆ ಕಿಂಡಿ ಕಡೆ. ದನಿ ಮಾತ್ರ ಬರ್ತಾನೇ ಇದೆ.”

“ಯಾವ ಮೆಷಿನ್ ಮಾಮಿ?”

“ಆಸ್ಪತ್ರೇಲಿ ಕೊಟ್ರಲ್ಲ, ಟಾರ್ಚ್ ಥರ ಇರತ್ತೆ. ಗಂಟಲಿಗೆ ಒತ್ಕೊಂಡು ಬಾಯಿ ಆಡಿಸಿದ್ರೆ ಒಂಥರಾ ಝುಂಯ್ ಅಂತ ಮಾತು ಬರತ್ತೆ. ಅವಮಾನ ಅವರಿಗೆ, ಯಾರ ಮುಂದೇನೂ ಆಡಲ್ಲ, ನನ್ನ ಮುಂದೇನೂ ಇಲ್ಲ. ದಿನಾ ಮೂರು ಗಂಟೇಗೆ ಬಾಗಿಲು ಮುಚ್ಕೊಂಡು ಒಂದೇ ಹೆಸರು ಪ್ರಾಕ್ಟೀಸ್ ಮಾಡ್ತಾರೆ. ನಿನ್ನ ವೀಡಿಯೋಗೇ ಕಣೋ. ಒಂದನೇ ಮೈದಾನ ತಾನೇ ಕೂಗ್ಬೇಕಂತೆ, ಸ್ಲೇಟಲ್ಲಿ ಬರೆದು ತೋರ್ಸಿದ್ರು. ನಿಂಗೆ ಹೇಳ್ಬೇಡ ಅಂದಿದ್ರು.” ಅವರ ದನಿ ಇಳಿಯಿತು. “ಅಪ್ಪೋ, ಹಾಗಾದ್ರೆ ನಿನ್ನೆ ಅದು ಯಾರೋ?”

‘ಗೊತ್ತಿಲ್ಲ’ ಎಂದು ತಲೆಯಾಡಿಸಿದೆ. ಎರಡನೇ ಸುಳ್ಳು.

ಅದು ಹೆಚ್ಚು ಹೊತ್ತು ಬಾಳಲಿಲ್ಲ. ಮಾಮನ ಹಳೇ ಗೆಳೆಯರೊಬ್ಬರು ಫೋನ್ ಮಾಡಿ, ಒಂದನೇ ಮೈದಾನ ಚೆನ್ನಾಗಿ ಆರಿಸಿದಿರಿ ಅಂತ ಅಭಿನಂದಿಸಿದರಂತೆ. ಹನ್ನೊಂದು ಗಂಟೆಗೆ ಮಾಮಿ ಮೆಟ್ಟಿಲ ಬುಡದಿಂದ ಕೂಗಿದರು. ಆ ಕೂಗಿನಲ್ಲಿ ‘ಕಣೋ’ ಇರಲಿಲ್ಲ.

ಮಾಮ ಟೀವಿಯ ಮುಂದೆ ಕೂತಿದ್ದರು. ಸ್ಲೇಟಿನ ಮೇಲೆ ಒಂದೇ ಪದ, ‘ಹಾಕು.’ ಫೋನಿನಿಂದ ಟೀವಿಗೆ ಹಾಕಿದೆ. ಹೊರಗೆ ಬಸ್ಸಿನ ಹಾರನ್ನು, ಸೊಪ್ಪು ಮಾರುವವಳ ಕೂಗು. ಒಳಗೆ ಮಾಮನ ದನಿ ಕೋಣೆ ತುಂಬಿತು, ಮಾಮ ಕದಲದೆ ಕೂತು ಅದನ್ನು ಕೇಳುತ್ತಿದ್ದರು. ಕತ್ತಿನ ಬಟ್ಟೆ ಮಾತ್ರ ಉಸಿರಿಗೆ ಸರಿಯಾಗಿ ಒಳಗೆ ಹೊರಗೆ ಆಡುತ್ತಿತ್ತು. ಮಾಮಿ ಕಣ್ಣು ಮುಚ್ಚಿಕೊಂಡಿದ್ದರು.

ಎರಡು ಕೆಮ್ಮು ಬಂತು. ಮೌನ ಬಂತು.

ಆ ಮೌನದೊಳಗೆ, ನನ್ನ ಲ್ಯಾಪ್‌ಟಾಪಿನ ಬಡ ಸ್ಪೀಕರಿನಲ್ಲಿ ನನಗೆ ಕೇಳಿಸದೇ ಹೋದದ್ದು ಅವರ ದೊಡ್ಡ ಟೀವಿಯಲ್ಲಿ ಕೇಳಿಸಿತು. ದೂರದಲ್ಲಿ, ತಳದಲ್ಲಿ. ಗಿಡ್ಡ, ಉದ್ದ, ಗಿಡ್ಡ. ನಿಂತಿತು. ಮತ್ತೆ, ಸ್ವಲ್ಪ ಸ್ಪಷ್ಟವಾಗಿ, ಗಿಡ್ಡ, ಉದ್ದ, ಗಿಡ್ಡ. ಮೂರನೇ ಸಲಕ್ಕೆ ಅದು ಸದ್ದಾಗಿರಲಿಲ್ಲ. ಬೇರೆಯದೇ ಒಂದು ಮೈದಾನದ ಹೆಸರಾಗಿತ್ತು, ಕಷ್ಟಪಟ್ಟರೆ ಹಿಡಿಯಬಹುದಿತ್ತು. ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಅವರ ಬಾಯಿಂದ ಇನ್ನೊಂದು ಸಲ ಕಿತ್ತುಕೊಂಡ ಹಾಗಾಗುತ್ತದೆ. ಅಷ್ಟರಲ್ಲಿ ನನ್ನ ಗಂಟಲಿನ ಕಳ್ಳ ಮಾಮ ಮೇಲಿಂದ ಸ್ಕಾಟ್ಲೆಂಡಿನ ಹೆಸರನ್ನು ಜೋರಾಗಿ ಕೂಗಿದ. ಕೆಳಗಿನ ಝೇಂಕಾರ ಕಡಿದಂತೆ ನಿಂತುಹೋಯಿತು. ವೀಡಿಯೊ ಮುಗಿಯುವವರೆಗೂ ಅದು ಮತ್ತೆ ಬರಲಿಲ್ಲ.

ಮಾಮಿ ಕಣ್ಣು ತೆರೆದರು. “ಅಡಿಯಲ್ಲಿ ಇರೋದು ಇವರು” ಅಂದರು. “ಮೇಲಿರೋದು?”

ಇಬ್ಬರೂ ನನ್ನ ಕಡೆ ನೋಡಿದರು.

“ನಾನು ಮಾಮಿ” ಅಂದೆ. “ಅಳಿಸ್ಬಿಡ್ತೀನಿ.”

“ಬೇಡ” ಅಂದರು ಮಾಮಿ, ಥಟ್ಟನೆ. ಆಮೇಲೆ ಮಾಮನ ಮುಖ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಅಳಿಸು. ನನ್ನ ಕೇಳ್ಬೇಡ.”

ಇಲ್ಲಿಗೆ ಬಾಯಿ ಮುಚ್ಚಿಕೊಂಡು ಹೋಗುವವನು ನಾನಲ್ಲವಲ್ಲ.

“ಮಾಮ, ಕೋಪ ಮಾಡ್ಕೋಬೇಡಿ. ಸರಿಯಾದ ಹೆಸರು ಈಗ ಗೊತ್ತಾಯ್ತಲ್ಲ, ನಿಮ್ಮ ದನೀಲೇ ಇನ್ನೊಂದು ಸಲ ಮಾಡ್ಬಿಡ್ತೀನಿ. ನೀವು ಕಷ್ಟ ಪಡೋದೇ ಬೇಡ. ಯಾರಿಗೂ ವ್ಯತ್ಯಾಸ ತಿಳಿಯಲ್ಲ.”

ಮಾಮ ಸ್ಲೇಟನ್ನು ಎತ್ತಿಕೊಂಡರು. ಬರೆಯಲಿಲ್ಲ. ಅದನ್ನು ಬೋರಲಾಗಿಟ್ಟು, ದಿಂಬಿನ ಅಡಿಯಿಂದ ಆ ಟಾರ್ಚಿನಂಥ ಮೆಷಿನ್ ತೆಗೆದು, ಮಾಮಿಯ ಮುಂದೆಯೇ, ಗಂಟಲಿಗೆ ಒತ್ತಿಕೊಂಡರು. ಏರಿಳಿತವಿಲ್ಲದ, ತಗಡಿನಂಥ ದನಿ ಅವರ ತುಟಿಗಳಿಂದ ಹೊರಟಿತು. ಯಾರದೆಂದು ತಿಳಿದ ಮೇಲೆ ಇವತ್ತಿನವರೆಗೂ ನಾನು ಅಣಕಿಸಲು ಪ್ರಯತ್ನಪಡದ ಒಂದೇ ದನಿ ಅದು.

“ಬೇರೆಯೋರ ಚೆಂಡು ಹೊಡೆದ್ರೆ ಎರಡು ಹೊಡೆತ ದಂಡ ಕಣೋ. ಆಮೇಲೆ ಹೋಗಿ ನಿನ್ನ ಚೆಂಡು ನೀನು ಹೊಡೀಬೇಕು. ನಂದು ಇನ್ನೂ ಇಲ್ಲೇ ಇದೆ, ಮುಟ್ಟಬೇಡ.”