ಬ್ಯಾನರಿನ ಕೆಳಸಾಲಿನವರು

ವಿಜಯಪುರ ಜಿಲ್ಲೆಯ ಇಂಡಿಯಿಂದ ಮುದ್ದೇಬಿಹಾಳದವರೆಗೆ ಯಾವ ವೃತ್ತದಲ್ಲಿ ನಿಂತು ತಲೆ ಎತ್ತಿದರೂ ಸಿದ್ದೀಕಾ ಅವರ ಕೈಕೆಲಸ ಕಾಣುತ್ತದೆ. ಅವರ ಹೆಸರು ಮಾತ್ರ ಎಲ್ಲಿಯೂ ಇರುವುದಿಲ್ಲ. ಹುಟ್ಟಿದ ದಿನಕ್ಕೆ ಶುಭಾಶಯ, ಗೆದ್ದವರಿಗೆ ಅಭಿನಂದನೆ, ಸೋತವರಿಗೂ ಹೇಗೋ ಒಂದು ಅಭಿನಂದನೆ, ಸತ್ತವರಿಗೆ ಶ್ರದ್ಧಾಂಜಲಿ. ಗಾಳಿಗೆ ಪಟಪಟಿಸುವ ಈ ಸಾಹಿತ್ಯದ ದೊಡ್ಡ ಪಾಲು ಹುಟ್ಟುವುದು ಸಿಂದಗಿಯ ಬಸ್ ನಿಲ್ದಾಣದ ಹಿಂದಿನ ಒಂದು ಫ್ಲೆಕ್ಸ್ ಅಂಗಡಿಯಲ್ಲಿ. ಅಂಗಡಿಯ ಮಾಲಕರು ರಾವಸಾಬ. ಕಂಪ್ಯೂಟರಿನ ಮುಂದೆ ಕೂತು ಬ್ಯಾನರ್ ಕೂಡಿಸುವವರು ಸಿದ್ದೀಕಾ.

ಬ್ಯಾನರಿನ ಸಂವಿಧಾನ ಸರಳ. ಮೇಲ್ಸಾಲಿನಲ್ಲಿ ದೇವರು, ಶರಣರು, ಮಠದ ಸ್ವಾಮಿಗಳು. ನಡುವೆ ಆಳೆತ್ತರಕ್ಕೆ ಕೈ ಮುಗಿದು ನಿಂತ ಸಾಹುಕಾರರು. ಈ ಭಾಗದಲ್ಲಿ ಧುರೀಣರನ್ನು ಜನ ಕರೆಯುವುದು ಹಾಗೆ. ಕೆಳಸಾಲಿನಲ್ಲಿ, ಮೇಲಿನವರಿಗೆ ಹೋಲಿಸಿದರೆ ಅಂಚೆಚೀಟಿಯ ಅಳತೆಯಲ್ಲಿ, ಶುಭ ಕೋರುವವರು. ದೇವರು ಬ್ಯಾನರಿಗೆ ದುಡ್ಡು ಕೊಡುವುದಿಲ್ಲ, ಸಾಹುಕಾರರೂ ಕೊಡುವುದಿಲ್ಲ. ಖರ್ಚೆಲ್ಲ ಕೆಳಸಾಲಿನದು.

ಹೊರ್ತಿಯಲ್ಲಿ ಹುಟ್ಟಿ, ಇಂಡಿಯಲ್ಲಿ ಟೈಪಿಂಗ್ ಕಲಿತು, ಸಿಂದಗಿಗೆ ಸೊಸೆಯಾಗಿ ಬಂದ ಸಿದ್ದೀಕಾ ಈ ಕೆಳಸಾಲನ್ನು ಹನ್ನೆರಡು ವರ್ಷಗಳಿಂದ ಸಾಕಿದ್ದಾರೆ. ಗಿರಾಕಿಯೊಬ್ಬ ಮೊದಲ ಸಲ ಫೋಟೊ ತಂದಾಗ ಅವರು ಅವನ ಹಿಂದಿನ ಗೋಡೆ, ಕ್ಯಾಲೆಂಡರು, ಹೆಗಲ ಮೇಲಿನ ಇನ್ಯಾರದೋ ಕೈ, ಎಲ್ಲವನ್ನೂ ಕತ್ತರಿಸಿ ತೆಗೆಯುತ್ತಾರೆ. ಕೂದಲಿನ ಅಂಚನ್ನು ಎಳೆ ಎಳೆಯಾಗಿ ಬಿಡಿಸುತ್ತಾರೆ. ಕೂದಲಿಗೆ ಒಂದಿಷ್ಟು ಕಪ್ಪು, ಮುಖಕ್ಕೆ ಒಂದಿಷ್ಟು ಬಿಳುಪು ಕೊಡುತ್ತಾರೆ. ಹೀಗೆ ಒಮ್ಮೆ ತಯಾರಾದ ಮುಖ ಮತ್ತೆ ಮುಪ್ಪಾಗುವುದಿಲ್ಲ. ಯಂಕಂಚಿಯ ಸುಭಾಸ ಮೊಮ್ಮಗನ ಜವಳ ಮಾಡಿಸಿ ಎರಡು ವರ್ಷವಾಯಿತು. ಬ್ಯಾನರಿನಲ್ಲಿ ಅವರು ಇಂದಿಗೂ ಯುವ ಮುಖಂಡರು.

ಇಂಥ ಮುಖಗಳೆಲ್ಲ 'ಕೆಳಗಿನವರು' ಎಂಬ ಒಂದೇ ಫೋಲ್ಡರಿನಲ್ಲಿದ್ದವು. ಅದರ ಇನ್ನೊಂದು ಪ್ರತಿ ಎಲ್ಲಿಯೂ ಇರಲಿಲ್ಲ. ಇದು ಮರೆವಲ್ಲ, ಸಿದ್ದೀಕಾ ಅವರ ಮುಂದಾಲೋಚನೆ. ಪ್ರತಿ ಇದ್ದರೆ ಯಾರೋ ಅದನ್ನು ಪೆನ್‌ಡ್ರೈವಿನಲ್ಲಿ ಎತ್ತಿಕೊಂಡು ಎದುರಿನ ಅಂಗಡಿಗೆ ಹೋಗಬಹುದು. ಆಮೇಲೆ ತಮ್ಮನ್ನು ಯಾರು ಕೇಳುತ್ತಾರೆ? ರಾವಸಾಬ ತಿಂಗಳಿಗೊಮ್ಮೆಯಾದರೂ ನೆನಪಿಸುತ್ತಿದ್ದರು: "ಈಗಿನ ಹುಡುಗೂರು ಮೊಬೈಲಿನ್ಯಾಗ ಬ್ಯಾನರ್ ಮಾಡ್ತಾವ. ಆ ಮುಖಾ ಅದಾವಂತ ನೀ ಅದಿ, ತಂಗಿ." ಬೆದರಿಕೆಯನ್ನು ಅವರು ಯಾವಾಗಲೂ ತಂಗಿ ಎಂದೇ ಮುಗಿಸುತ್ತಿದ್ದರು.

ಈ ಸಂಪತ್ತೆಲ್ಲ ಕೂತಿದ್ದ ಯಂತ್ರ ಒಂದು ಆಲ್ ಇನ್ ಒನ್ ಕಂಪ್ಯೂಟರು. ಪರದೆಯ ಬೆನ್ನಿನೊಳಗೇ ಎಲ್ಲವನ್ನೂ ತುಂಬಿದ್ದು, ಬೇರೆ ಡಬ್ಬಿ ಇಲ್ಲದ್ದು. ವಿಜಯಪುರದ ಯಾವುದೋ ಕೌಂಟರಿನ ಮೇಲೆ ಅದನ್ನು ಕಂಡ ರಾವಸಾಬ ಅದರ ಚಂದಕ್ಕೆ ಮರುಳಾಗಿದ್ದರು. ಡಬ್ಬಿಯೇ ಇಲ್ಲದ ಮೇಲೆ ದೂಳು ಹೋಗುವುದು ಎಲ್ಲಿಗೆ ಎಂಬುದು ಅವರ ತರ್ಕ. ಬ್ಯಾನರು ಮಾಡಲು ಅದು ತಕ್ಕುದೇ ಎಂದು ಯಾರೂ ಕೇಳಲಿಲ್ಲ. ರಸ್ತೆಯಿಂದ ನೋಡಿದರೆ ಟಿ.ವಿ.ಯಂತೆ ಕಾಣುತ್ತಿತ್ತು, ಅಷ್ಟು ಸಾಕಾಗಿತ್ತು.

ಇಪ್ಪತ್ತಡಿಯ ಬ್ಯಾನರಿನ ಕಡತ ತೆರೆಯಲು ಹೇಳಿದರೆ ಆ ಯಂತ್ರ ಮೊದಲು ಯೋಚಿಸುತ್ತಿತ್ತು, ಆಮೇಲೆ ಬೆಳ್ಳಗಾಗುತ್ತಿತ್ತು. ಅಷ್ಟರಲ್ಲಿ ಗಿರಾಕಿಗಳು ಚಹಾ ಕುಡಿದು, ಪಕ್ಷ ಬದಲಿಸಿ, ಬ್ಯಾನರಿನ ಬಣ್ಣವನ್ನೂ ಬದಲಿಸಿಕೊಡಿ ಎನ್ನುವಷ್ಟು ಸಮಯವಿರುತ್ತಿತ್ತು. ನಾಲ್ಕು ಜಿಬಿ ಇದ್ದ ಮೆಮೊರಿಯನ್ನು ಹದಿನಾರಕ್ಕೆ ಏರಿಸಿಕೊಡಿ ಎಂದು ಸಿದ್ದೀಕಾ ಕೇಳುತ್ತಲೇ ಇದ್ದರು.

"ಹದಿನಾರು ಯಾಕ? ಒಳಗ ಸಾವಿರ ಜಿಬಿ ಐತಿ ಅಂತ ನೀನ ಹೇಳಿದ್ದಿ," ಎಂದರು ರಾವಸಾಬ. "ಅದರಾಗಿಂದ ಹದಿನಾರು ಈ ಕಡೆ ತಗೊ."

"ಅದು ಬ್ಯಾರೆ, ಇದು ಬ್ಯಾರೆ ಅಣ್ಣಾರ. ಹಗೇವಿನ್ಯಾಗ ಸಾವಿರ ಚೀಲ ಜ್ವಾಳ ಇದ್ರೇನು, ಹಿಟ್ಟು ನಾದೂ ಪರಾತ ಅಂಗೈಯಷ್ಟು ಐತ್ರಿ."

"ಹಂಗಾರ ಸಣ್ಣ ಸಣ್ಣ ರೊಟ್ಟಿ ಮಾಡು."

ಮಾತು ಅಲ್ಲಿಗೆ ನಿಂತಿತ್ತು. ಈ ಮಳೆಗಾಲದ ಕೊನೆಗೆ ಯಂತ್ರವೇ ಮಾತು ಮುಂದುವರಿಸಿತು. ಸಾಹುಕಾರರೊಬ್ಬರ ಹುಟ್ಟುಹಬ್ಬ ಹತ್ತಿರ ಬಂದಿತ್ತು. ಬಾಗೇವಾಡಿಯ ತನಕ ಕಟ್ಟುವ ಬ್ಯಾನರುಗಳ ಆರ್ಡರು ಹಿಡಿದು ಸುಭಾಸ ಬಂದಿದ್ದರು. ಕಂಪ್ಯೂಟರಿನ ಒಳಗಿಂದ ಕಟ್ ಕಟ್ ಎಂಬ ಸದ್ದು ಶುರುವಾಯಿತು, ಹಲ್ಲಿಗೆ ಅಡಕೆ ಸಿಕ್ಕ ಮುದುಕನಂತೆ. ಪರದೆ ನೀಲಿಯಾಯಿತು. 'ಕೆಳಗಿನವರು' ತೆರೆಯಲಿಲ್ಲ. ಸಿದ್ದೀಕಾ ಯಂತ್ರವನ್ನು ಆರಿಸಿ, ಕೈ ಮಡಿಲಲ್ಲಿಟ್ಟುಕೊಂಡು ಕೂತರು. ತಮ್ಮ ನೌಕರಿಗೆ ತಾವೇ ಕಟ್ಟಿದ ಕೋಟೆಗೆ ಒಂದೇ ಬಾಗಿಲಿತ್ತು, ಅದೂ ಈಗ ಹಾಕಿಕೊಂಡಿತ್ತು.

ರಾವಸಾಬ ಪರದೆಯನ್ನು ನೋಡಿದರು, ಸಿದ್ದೀಕಾ ಅವರನ್ನು ನೋಡಿದರು. "ಮುಖಾ ಹೋದ್ರ ಮತ್ತ..." ಎಂದು ಮಾತನ್ನು ಅರ್ಧಕ್ಕೆ ಬಿಟ್ಟರು. ಈ ಸಲ ತಂಗಿ ಎನ್ನಲಿಲ್ಲ.

ಇಂಡಿಯಿಂದ ಅಮೀನುದ್ದೀನ ಬಂದರು. ಕಂಪ್ಯೂಟರ್ ರಿಪೇರಿಯಲ್ಲಿ ಅವರಿಗೆ ಸುತ್ತಲ ತಾಲ್ಲೂಕುಗಳಲ್ಲಿ ಹೆಸರಿದೆ. ಹೇಳಿದ ದಿನ ಬರುವುದಿಲ್ಲ ಎಂಬ ಹೆಸರೂ ಇದೆ. ಈ ಸಲ ಮರುದಿನವೇ ಬಂದದ್ದನ್ನು ನೋಡಿ ರಾವಸಾಬರಿಗೆ ಗಾಬರಿ ಹೆಚ್ಚಾಯಿತು. ಹೊಸ ಮೆಮೊರಿಯ ಎರಡು ಪಟ್ಟಿ ಮತ್ತು ಒಂದು ಎಸ್‌ಎಸ್‌ಡಿ ಅವರ ಚೀಲದಲ್ಲಿದ್ದವು. ಎಸ್‌ಎಸ್‌ಡಿ ಎಂದರೆ ಒಳಗೆ ತಿರುಗುವ ತಟ್ಟೆ ಇಲ್ಲದ, ಸದ್ದು ಮಾಡದ, ಹಳೆಯದಕ್ಕಿಂತ ಎಷ್ಟೋ ಪಟ್ಟು ಚುರುಕಾದ ಡಿಸ್ಕು.

ಯಂತ್ರವನ್ನು ಚಾದರದ ಮೇಲೆ ಬೋರಲು ಮಲಗಿಸಿದರು. ಎಲ್ಲಿಯೂ ಒಂದು ಸ್ಕ್ರೂ ಕಾಣಲಿಲ್ಲ. ಆಲ್ ಇನ್ ಒನ್ ಮಾಡುವವರಿಗೆ ಸ್ಕ್ರೂ ಕಂಡರೆ ಮರ್ಯಾದೆ ಹೋಗುತ್ತದೆ. ಅಮೀನುದ್ದೀನ ಸಿಮ್ ಕಾರ್ಡ್ ಕಿತ್ತುಕೊಂಡ ಮೇಲೆ ಉಳಿಯುವ ಪ್ಲಾಸ್ಟಿಕ್ ಚೌಕಟ್ಟನ್ನು ಅಂಚಿನ ಸಂದಿಗೆ ತೂರಿಸಿ ಎಳೆಯತೊಡಗಿದರು. ಹಿಡಿಕೆಗಳು ಒಂದೊಂದಾಗಿ ಫಟ್ ಎಂದು ಬಿಟ್ಟುಕೊಂಡವು. ಪ್ರತಿ ಸದ್ದಿಗೂ ರಾವಸಾಬ ಕಣ್ಣು ಮುಚ್ಚುತ್ತಿದ್ದರು.

ಬೆನ್ನಿನ ಮುಚ್ಚಳ ಬಂದಾಗ ಒಳಗೆ ಎರೆಮಣ್ಣಿನ ದೂಳು ಬೆರಳು ದಪ್ಪ ಕೂತಿತ್ತು.

"ಮಾಲಕರ, ಒಂದು ಎಕರೆ ಹಿಂಗಾರಿ ಜ್ವಾಳ ಬಿತ್ತಬಹುದು," ಎಂದರು ಅಮೀನುದ್ದೀನ.

"ಡಬ್ಬಿ ಇಲ್ಲ, ದೂಳು ಹೋಗಂಗಿಲ್ಲ ಅಂದಿದ್ದ ಅಂಗಡ್ಯಾಂವ," ಎಂದರು ರಾವಸಾಬ. ಆ ಮಾತು ತಮ್ಮದೇ ಎಂಬುದನ್ನು ಅವರು ಮರೆತಿದ್ದರು.

ದೂಳು ಊದಿ, ಮೆಮೊರಿಯ ಹಳೇ ಪಟ್ಟಿ ಕಿತ್ತು, ಹೊಸ ಎರಡನ್ನೂ ಓರೆಯಾಗಿ ಇಟ್ಟು ಒತ್ತಿದರು. ಟಕ್, ಟಕ್ ಎಂದವು. ಇಷ್ಟು ವರ್ಷಗಳ ವಾದ ಇಷ್ಟೇ ಹೊತ್ತಿನಲ್ಲಿ ಮುಗಿಯಿತು. ಹಳೇ ಡಿಸ್ಕಿನ ಜಾಗದಲ್ಲಿ ಎಸ್‌ಎಸ್‌ಡಿ ಕೂರಿಸಿ, ಅದಕ್ಕೆ ಹೊಸ ವಿಂಡೋಸ್ ಹಾಕಿ, ಹಳೇ ಡಿಸ್ಕನ್ನು ಹೊರಗಿನಿಂದ ಒಂದು ಕೇಬಲಿಗೆ ಸಿಕ್ಕಿಸಿದರು. ಅದು ಕಟ್ ಕಟ್ ಎಂದು ಗೊಣಗಿ, ಆಮೇಲೆ ಒಪ್ಪಿಕೊಂಡಿತು. ಫೋಲ್ಡರುಗಳು ಕಂಡವು. ಸಿದ್ದೀಕಾ ದುಪಟ್ಟಾದ ಅಂಚಿನಿಂದ ಮುಖ ಒರೆಸಿಕೊಂಡರು.

"ಸುಮ್ನ ಖುಷಿ ಆಗಬ್ಯಾಡ್ರಿ ಆಪಾ," ಎಂದರು ಅಮೀನುದ್ದೀನ. "ಡಿಸ್ಕ್ ಸಾಯಾಕತ್ತೇತಿ. ಎಷ್ಟು ಹೊತ್ತು ನಡೀತೈತಿ ಅಂತ ಹೇಳಾಕ ಬರಂಗಿಲ್ಲ. ಮುಖ್ಯ ಇದ್ದದ್ದು ಮೊದಲ ಕಾಪಿ ಮಾಡ್ಕೊಳ್ರಿ. ಒಂದರ ಹಿಂದ ಒಂದು."

ಮುಖ್ಯವಾದದ್ದು ಯಾವುದು? ಬೇರೆ ಊರಿನಲ್ಲಾದರೆ ಇದು ಪ್ರಶ್ನೆಯಾಗುತ್ತಿತ್ತು. ರಾವಸಾಬರಿಗೆ ಉತ್ತರ ಬಾಯಿಪಾಠವಿತ್ತು, ಪ್ರತಿ ಬ್ಯಾನರಿನ ಮೇಲೂ ಅದೇ ಇರುತ್ತದೆ.

"ಮೊದಲ ದೇವರು. ಆಮ್ಯಾಲ ಶರಣರು, ಸ್ವಾಮಿಗೋಳು. ಆಮ್ಯಾಲ ಸಾಹುಕಾರ್ರು, ದೊಡ್ಡವರು. ಕಡೀಕ ಉಳಿದ ಮಂದಿ."

"ಅಣ್ಣಾರ, ದೇವ್ರು ಇಂಟರ್ನೆಟ್ಟಿನ್ಯಾಗ ಸಿಗ್ತಾನ್ರಿ," ಎಂದರು ಸಿದ್ದೀಕಾ. "ಸುಭಾಸಣ್ಣ ಸಿಗಂಗಿಲ್ಲ."

"ದೇವರನ್ನ ಹಿಂದ ಹಾಕಿ ಸುಭಾಸನ್ನ ಮುಂದ ಹಾಕಂತಿಯೇನು? ಅಂವಗ ಗೊತ್ತಾದ್ರ ಅಂವನ ಒಪ್ಪಂಗಿಲ್ಲ."

ಸಿದ್ದೀಕಾ ದೇವರ ಫೋಲ್ಡರನ್ನೇ ಹಿಡಿದರು. ದೇವರ ಫೋಲ್ಡರನ್ನು ಹಿಂದಕ್ಕೆ ಹಾಕಿದವರು ಯಾರು ಎಂದು ನಾಳೆ ಸಂತೆಯಲ್ಲಿ ಮಾತು ಬಂದರೆ ಅದು ಕಂಪ್ಯೂಟರಿನ ವಿಷಯವಾಗಿ ಉಳಿಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕಾಪಿ ಶುರುವಾಯಿತು. ಸರ್ವಾಂತರ್ಯಾಮಿ ಎಂದು ನಂಬಿದವನನ್ನೇ ಎಲ್ಲರಿಗಿಂತ ಮೊದಲು ಕಾಪಾಡುವ ಕೆಲಸ ಬೆಳಗಿನ ಹೊತ್ತನ್ನೆಲ್ಲ ನುಂಗಿತು. ದೇವರ ಚಿತ್ರಗಳು ತೂಕದಲ್ಲೂ ದೇವರಂತೆಯೇ ಇದ್ದವು. ಒಂದೊಂದು ಕಿರೀಟಕ್ಕೂ ಕಾಪಿ ಎಷ್ಟಾಯಿತೆಂದು ತೋರಿಸುವ ಹಸಿರು ಪಟ್ಟಿ ಇರುವೆಯಂತೆ ತೆವಳುತ್ತಿತ್ತು. ಹಳೇ ಡಿಸ್ಕು ನಡುನಡುವೆ ಉಸಿರು ಕಟ್ಟಿ ಮತ್ತೆ ಬಿಡುತ್ತಿತ್ತು.

ದೇವರು ದಾಟಿದರು, ಶರಣರು ದಾಟಿದರು, ಸ್ವಾಮಿಗಳೂ ದಾಟಿದರು. ಅಷ್ಟರಲ್ಲಿ ರಾವಸಾಬರಿಗೆ ಬಿದಿರಿನ ಚೌಕಟ್ಟಿನ ಅಳತೆ ನೋಡಲು ಯಂಕಂಚಿಯಿಂದ ಕರೆ ಬಂತು. "ಇನ್ನ ಸಾಹುಕಾರ್ರನ್ನ ಹಚ್ಚು," ಎಂದು ಹೇಳಿ, ಮೋಟಾರ್ ಸೈಕಲ್ಲು ಹತ್ತಿದರು.

ಸಿದ್ದೀಕಾ ಪರದೆ ನೋಡಿದರು. ಸಾಹುಕಾರರ ಫೋಲ್ಡರು ದೇವರದ್ದಕ್ಕಿಂತ ದೊಡ್ಡದಿತ್ತು. ಕೈ ಮುಗಿದ ಸಾಹುಕಾರರು, ಕೈ ಬೀಸುವ ಸಾಹುಕಾರರು, ಕಪ್ಪು ಕನ್ನಡಕದವರು, ಟ್ರ್ಯಾಕ್ಟರ್ ಮೇಲಿನವರು. ಅವರು ಅದನ್ನು ಬಿಟ್ಟು 'ಕೆಳಗಿನವರು' ಹಿಡಿದು ಹೊಸ ಡಿಸ್ಕಿಗೆ ಎಳೆದರು.

"ಮಾಲಕರು ಬೈತಾರ ನೋಡ್ರಿ," ಎಂದರು ಅಮೀನುದ್ದೀನ.

"ಬೈಯಲಿ. ಇದು ಹೋದ್ರ ಬೈಯಾಕೂ ಇಟ್ಕೊಳಂಗಿಲ್ಲ."

ಸಣ್ಣ ಮುಖಗಳು ಸಣ್ಣದಾಗಿದ್ದುದರಿಂದಲೇ ಬೇಗ ಬಂದವು. ಕೊನೆಯ ಮುಖ ಬಂದ ಮೇಲೆ ಸಿದ್ದೀಕಾ ಫೋಲ್ಡರು ತೆರೆದು ನೋಡಿದರು. ಸುಭಾಸಣ್ಣ ಕರಿಕೂದಲು ಬಾಚಿಕೊಂಡು ಇದ್ದರು. ಆಮೇಲೆಯೇ ಅವರು ಸಾಹುಕಾರರನ್ನು ಹಚ್ಚಿದ್ದು. ನಾಲ್ಕಾರು ಸಾಹುಕಾರರು ಬಂದರು. ಡಿಸ್ಕು ಒಮ್ಮೆ ಕಟ್ ಎಂದು ಸುಮ್ಮನಾಯಿತು. ಅಮೀನುದ್ದೀನ ಕೇಬಲು ಕಿತ್ತರು, ಹಾಕಿದರು, ಡಿಸ್ಕನ್ನು ಕಿವಿಗೆ ಹಿಡಿದರು. "ಆತು, ಇದರ ಕಥಿ ಮುಗೀತು," ಎಂದರು.

ರಾವಸಾಬ ಸುಭಾಸರನ್ನು ಹಿಂದೆ ಕೂರಿಸಿಕೊಂಡೇ ಮರಳಿದರು. ವಿಷಯ ತಿಳಿದು, ಸ್ಟೂಲಿನ ಮೇಲೆ ಕುಸಿದು, ಸಾಹುಕಾರರ ಮನೆಗೆ ಹೋಗಿ ಏನು ಹೇಳಬೇಕೆಂದು ತಾಲೀಮು ಶುರುಮಾಡಿದರು. "ಯಾರನ್ನ ಉಳಿಸಿದಿ ಅಂದ್ರ ಏನಂತ ಹೇಳ್ಲಿ? ಇಂಥವ್ರನ್ನ ಅಂತ ಹೇಳ್ಲೇನು?" ಎಂದು ಸುಭಾಸರತ್ತ ಕೈ ಮಾಡಿದರು.

"ಸಾಹುಕಾರ್ರ ಫೋಟೊ ಬೇಕೇನ್ರಿ?" ಎಂದರು ಸುಭಾಸ. ಮೊಬೈಲು ತೆಗೆದು ಅಂಗಡಿಯ ನಂಬರಿಗೆ ಕಳಿಸತೊಡಗಿದರು. ಟಿಣ್ ಟಿಣ್ ಎಂದು ಬಂದವು: ಕೈ ಮುಗಿದವರು, ಕೈ ಬೀಸುವವರು, ಟ್ರ್ಯಾಕ್ಟರ್ ಮೇಲಿನವರು. ಬೇರೆಯವರೂ ಕೇಳಿದ್ದೇ ತಡ ಕಳಿಸಿದರು. ಜಿಲ್ಲೆಯಲ್ಲಿ ಸಾಹುಕಾರರು ಇಲ್ಲದ ಫೋನು ಇರಲಿಲ್ಲ. "ಖರೆ ನಂದು ಉಳಿದೈತೇನು ತಂಗಿ?" ಎಂದು ಸುಭಾಸ ಮೆಲ್ಲಗೆ ಕೇಳಿದರು. "ಹಳೇದು?"

"ಉಳಿದೈತ್ರಿ."

ಹೊಸದಾಗಿ ಕೂಡಿಸಿದ ಬ್ಯಾನರು ಹೊಸ ಮೆಮೊರಿಯಲ್ಲಿ ಕಣ್ಣು ಪಿಳುಕಿಸುವಷ್ಟರಲ್ಲಿ ತೆರೆಯಿತು. ಮೇಲೆ ದೇವರು, ಕೆಳಗೆ ಶುಭ ಕೋರುವವರು ತಮ್ಮ ತಮ್ಮ ಜಾಗದಲ್ಲಿ. ನಡುವೆ ಆಳೆತ್ತರದ ಬಿಳಿ ಖಾಲಿ. ಫೋನಿನಿಂದ ಬಂದ ಫೋಟೊವನ್ನು ಸಿದ್ದೀಕಾ ಇನ್ನೂ ಕತ್ತರಿಸುತ್ತಿದ್ದರು. ಸುಭಾಸ ಆ ಖಾಲಿಯನ್ನು ನೋಡುತ್ತಾ ನಿಂತರು. ರಾವಸಾಬ ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದಾರೆ ಎಂದು ಖಚಿತಪಡಿಸಿಕೊಂಡರು.

"ಅಳತಿ ನೋಡಾಕ ಅಷ್ಟ, ನಂದೊಮ್ಮೆ ಇಟ್ಟು ನೋಡೂಣು?"

ಸಿದ್ದೀಕಾ ಸುಭಾಸರ ಮುಖವನ್ನು ಎಳೆದು ನಡುವೆ ಇಟ್ಟು ದೊಡ್ಡದು ಮಾಡಿದರು. ಅಂಚೆಚೀಟಿಗೆ ಸಾಕಾಗಿದ್ದ ಮುಖ ಆಳೆತ್ತರದಲ್ಲಿ ಮಸುಕಾಗಿತ್ತು, ಮೂಗು ಯಾವುದು ಮೀಸೆ ಯಾವುದು ತಿಳಿಯುವಂತಿರಲಿಲ್ಲ. ಸುಭಾಸರಿಗೆ ತಿಳಿಯಿತು. ಅವರು ಅದನ್ನು ಮೊಬೈಲಿನಲ್ಲಿ ಒಂದು ಫೋಟೊ ಹೊಡೆದುಕೊಂಡು, "ತಗದ್ಬಿಡವಾ," ಎಂದರು.

ಸಂಜೆ ಬ್ಯಾನರುಗಳು ಅಚ್ಚಿಗೆ ಹೋದ ಮೇಲೆ ರಾವಸಾಬರಿಗೆ 'ಕೆಳಗಿನವರು' ಎಂಬ ಫೋಲ್ಡರಿನ ಮೇಲೆ ಹೊಸ ಪ್ರೀತಿ ಹುಟ್ಟಿತು. ಅಮೀನುದ್ದೀನರಿಂದ ಒಂದು ಪೆನ್‌ಡ್ರೈವು ಪಡೆದು, "ಇದರಾಗ ಹಾಕಿ ನನ್ನ ಕೈಯಾಗ ಕೊಡು, ನನ್ನ ಕಡೆ ಇರ್ಲಿ," ಎಂದರು. ಸಿದ್ದೀಕಾ ಹಾಕಿಕೊಟ್ಟರು. ಆಮೇಲೆ ಅಮೀನುದ್ದೀನರ ಚೀಲದಿಂದ ಇನ್ನೊಂದನ್ನು ತೆಗೆಸಿ, ಅದಕ್ಕೂ ಹಾಕತೊಡಗಿದರು.

"ಇದ್ಯಾಕ ಇನ್ನೊಂದು?"

"ಎರಡು ಕಡೆ ಇರಬೇಕಂತ್ರಿ. ಒಂದು ಅಂಗಡ್ಯಾಗ, ಒಂದು ಅಂಗಡಿ ಬಿಟ್ಟು ದೂರ. ಬೇಕಾದ್ರ ಇವ್ರನ್ನ ಕೇಳ್ರಿ."

ಅಮೀನುದ್ದೀನ ಹೌದೆಂದು ತಲೆ ಆಡಿಸಿದರು.

"ದೂರ ಅಂದ್ರ ಎಲ್ಲಿ?"

"ನಮ್ಮ ಮನ್ಯಾಗ," ಎಂದು ಸಿದ್ದೀಕಾ ಪೆನ್‌ಡ್ರೈವನ್ನು ಬುತ್ತಿ ಚೀಲಕ್ಕೆ ಹಾಕಿಕೊಂಡರು.

ರಾವಸಾಬ ಎದುರಿನ ಫ್ಲೆಕ್ಸ್ ಅಂಗಡಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೂರು ಚಹಾ ಹೇಳಿದರು.