ಅಗಸಿಯಲ್ಲಿ ಕೆಂಪು ಮನುಷ್ಯ

ರಸ್ತೆ ಖಾಲಿ ಇದ್ದರೂ ನೀಲಮ್ಮ ಅಕ್ಕೋರು ಥಟ್ಟನೆ ದಾಟುತ್ತಿರಲಿಲ್ಲ. ಸುರಪುರದ ನಮ್ಮ ಓಣಿಯ ತುದಿಯಲ್ಲಿ, ಒಂದು ಎಮ್ಮೆಯೂ ಬರದ ದಾರಿಯ ಮುಂದೆ ಸುಮ್ಮನೆ ನಿಂತಿರುತ್ತಿದ್ದರು. ಹುಡುಗರು ಅವರಿಗೆ ‘ಜರ್ಮನಿ ಅಕ್ಕೋರು’ ಎಂದು ಹೆಸರಿಟ್ಟಿದ್ದರು.

ನಾನು ಅವರ ಜೊತೆ ಓಣಿಯ ಶಾಲೆಯಲ್ಲಿ ಪಾಠ ಹೇಳಿದವಳು. ಒಮ್ಮೆ ಅವರು ಶಿಕ್ಷಕರ ತಂಡದೊಂದಿಗೆ ಹೋಗಿ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ತಿಂಗಳಿದ್ದು ಬಂದಿದ್ದರು. ಆ ಊರಿನ ಹೆಸರು ಅವರ ಬಾಯಲ್ಲಿ ದಿನಕ್ಕೊಂದು ಬಗೆ ಹೊರಳುತ್ತಿತ್ತು. ಊರು ಮಾತ್ರ ಕದಲುತ್ತಿರಲಿಲ್ಲ. ನಸುಕಿನಲ್ಲೇ ಬ್ರೆಡ್ಡಿನ ಅಂಗಡಿಯ ಮುಂದೆ ಪಾಳಿ, ಭಾನುವಾರ ಬೀಗ ಬಿದ್ದ ಪೇಟೆ, ಕಿಟಕಿಯಲ್ಲಿ ಕೂತು ಬೀದಿ ಕಾಯುವ ಮುದುಕಿಯರು. "ಥೇಟ್ ನಮ್ಮ ಓಣಿನ. ಬರೇ ಥಂಡಿ ಹೆಚ್ಚು," ಎನ್ನುತ್ತಿದ್ದರು.

ನಮ್ಮ ಓಣಿಗಿದ್ದಂತೆ ಆ ಊರಿಗೂ ಹಳೆಯ ಕಲ್ಲಿನ ಅಗಸಿ, ಊರಬಾಗಿಲು. ಯುದ್ಧದಲ್ಲಿ ಅದು ಬಿದ್ದಾಗ ಹೆಂಗಸರು ಸಾಲಾಗಿ ನಿಂತು ಕೈಯಿಂದ ಕೈಗೆ ಕಲ್ಲು ದಾಟಿಸಿ ಉಳಿಸಿದರಂತೆ. "ಅಗಸಿಗೆ ಅವ್ರು ‘ತೋರ್’ ಅಂತಾರ. ನಮ್ಮ ಮಾತ ನೋಡ್ರಿ. ಯಾರು ಬಂದ್ರು, ಯಾರು ಹೋದ್ರು, ಎಲ್ಲಾ ತೋರಸ್ತದ." ಅದು ‘ಟೋರ್’ ಎಂದು ನಾನು ತಿದ್ದಿದರೆ, "ನೀವು ಹೋಗಿದ್ರೇನ್ರಿ?"

ಅಲ್ಲಿ ಒಮ್ಮೆ ಸಿಗ್ನಲ್ಲಿನಲ್ಲಿ ‘ನಿಲ್ಲು’ ಎನ್ನುವ ದೀಪದ ಕೆಂಪು ಮನುಷ್ಯ ಹೊತ್ತಿದ್ದಾಗಲೇ ಇವರು ಖಾಲಿ ರಸ್ತೆ ದಾಟಹೊರಟರು. ಒಬ್ಬ ಮುದುಕಿ ಸೆರಗು ಹಿಡಿದು ಎಳೆದಳಂತೆ. "ಹುಡುಗ್ರು ನೋಡಾಕತ್ತಾರ ಅಂತ ಬೈದಳ್ರಿ. ನನಗ, ಹುಡುಗ್ರಿಗೆ ಬೈಯಾಕಿಗೆ!"

ರಸ್ತೆ ಅಗಲ ಮಾಡಲು ನಮ್ಮ ಅಗಸಿ ಕೆಡವುತ್ತೇವೆಂದು ಗುತ್ತಿಗೆದಾರ ಹೇಳಿದ ಮರುದಿನವೇ ಜೆಸಿಬಿ ಬಂತು. ಕಮಾನಿನ ಕೆಳಗೆ ಕೆಂಪು ಇಳಕಲ್ ಸೀರೆಯುಟ್ಟು ಅಕ್ಕೋರು ನಿಂತಿದ್ದರು. ಯಂತ್ರದ ಮೇಲಿದ್ದವನು ಅವರ ಹಳೆಯ ವಿದ್ಯಾರ್ಥಿ.

"ಅಕ್ಕೋರ, ನಾನ್ರಿ, ರಫೀಕ. ನಿಮ್ಮ ಕೈಲೆ ಏಟು ತಿಂದಾಂವ. ಹಿಂದ ಸರೀರಿ."

"ಮತ್ತ ತಿಂತಿಯೇನು? ಕೆಂಪು ಮನಿಷಾ ನಿಂತಾನ, ಕಾಣವಲ್ದೇನು? ಹುಡುಗ್ರು ನೋಡಾಕತ್ತಾರ."

ಶಾಲೆಯ ಮಕ್ಕಳು ನಿಜಕ್ಕೂ ಗುಂಪುಗೂಡಿದ್ದರು. ರಫೀಕ ಯಂತ್ರ ಬಂದ್ ಮಾಡಿದ.

ಮಳೆಗಾಲದಲ್ಲಿ ಅಕ್ಕೋರನ್ನು ಕಲಬುರಗಿಯ ಆಸ್ಪತ್ರೆಗೆ ಸೇರಿಸಿದೆವು. ಅದೇ ವಾರ ಬೇರೊಬ್ಬ ಡ್ರೈವರ್ ಬಂದ. ಕಮಾನು ಬೀಳುವುದನ್ನು ನಾನು ನಿಂತು ನೋಡಿದೆ. ಮೊದಲು ಸದ್ದು, ಆಮೇಲೆ ಧೂಳು, ಆಮೇಲೆ ಅಲ್ಲಿ ಎಂದೂ ಕಾಣದಿದ್ದ ಆಕಾಶ.

ಆಸ್ಪತ್ರೆಯಲ್ಲಿ ನನ್ನ ಮುಖ ನೋಡಿಯೇ ಕೇಳಿದರು: "ಬಿತ್ತೇನು?"

"ಬಿತ್ರಿ."

ನನ್ನ ಸೆರಗು ಹಿಡಿದು ಹತ್ತಿರ ಎಳೆದರು. "ಕಲ್ಲು ಹೋಗಗೊಡಬ್ಯಾಡ್ರಿ. ಅಳೂದು ಆಮ್ಯಾಲೆ."

ಅದೇ ಕೊನೆಯ ಭೇಟಿ.

ಅವರ ಮಣ್ಣಿಗೆ ಬಂದಿದ್ದ ನಾವು ಹೆಂಗಸರು ಮನೆಗೆ ಹೋಗಲಿಲ್ಲ. ಸಾಲಾಗಿ ನಿಂತು, ಕೈಯಿಂದ ಕೈಗೆ ದಾಟಿಸಿ, ಕಲ್ಲುಗಳನ್ನು ಶಾಲೆಯ ಗೋಡೆಗುಂಟ ಒಟ್ಟಿದೆವು. ಎತ್ತಲಾಗದವನ್ನು ರಫೀಕ ಜೆಸಿಬಿಯಲ್ಲಿ ತಂದ. ಗುತ್ತಿಗೆದಾರ ಕೇಳಲು ಬಂದಾಗ ಯಾರೂ ಸರಿಯಲಿಲ್ಲ.

ಅಗಸಿಯಿದ್ದಲ್ಲಿ ಈಗ ಬರೀ ಡಾಂಬರು. ಶಹಾಪುರದಿಂದ ಬರುವ ಬಸ್ಸಿನ ಕಂಡಕ್ಟರ್ ಮಾತ್ರ ಇಂದಿಗೂ ಕೂಗುತ್ತಾನೆ: "ಅಗಸಿ ಯಾರ್ರಿ? ಅಗಸಿ ಬಂತು, ಇಳೀರಿ!"

ಇಳಿಯುತ್ತೇನೆ. ರಸ್ತೆ ಖಾಲಿ ಇದ್ದರೂ ನಿಲ್ಲುತ್ತೇನೆ.